ಸಂಘದ ಮೇಲ್ ಸರ್ವರಿನ ದಣಪೆ ಹಾಕಿದೆಯೇ? ಪರೀಕ್ಷಿಸುವ ಕ್ರಮ

ಧಾರಣೆ ಈಗ ವಾಟ್ಸ್‌ಆಪಿನಲ್ಲಿ ಬರುತ್ತದೆ, ನಿಜ. ಆದರೆ ಸಂಘವು ಖರೀದಿದಾರರೊಡನೆ ನಡೆಸುವ ಪತ್ರವ್ಯವಹಾರ, ಬ್ಯಾಂಕಿಗೆ ಕಳುಹಿಸುವ ಪಾವತಿ ಪಟ್ಟಿ, ಗೊಬ್ಬರ ಹಾಗೂ ಮೈಲುತುತ್ತಿನ ಬೇಡಿಕೆ ಪತ್ರ, ಲೆಕ್ಕ ಪರಿಶೋಧಕರ ಪ್ರಶ್ನೆಗಳು, ದೂರದ ಊರಿನಲ್ಲಿರುವ ಸದಸ್ಯರಿಗೆ ಹೋಗುವ ಖಾತೆ ವಿವರ, ಇವೆಲ್ಲ ಇಂದಿಗೂ ಇ-ಮೇಲಿನಲ್ಲಿಯೇ ನಡೆಯುತ್ತವೆ. ಹೀಗೆ ಹೋದ ಕಾಗದ ಮುಟ್ಟದಿದ್ದರೆ, ಅಥವಾ ಸಂಘದ ಹೆಸರಿನಲ್ಲಿ ಬೇರೊಬ್ಬನ ಕಾಗದ ಮುಟ್ಟಿದರೆ, ಅದರ ನಷ್ಟ ಕೊನೆಗೆ ಬಂದು ನಿಲ್ಲುವುದು ಬೆಳೆಗಾರನ ಬಾಗಿಲಿಗೇ.

ಬಹುಪಾಲು ಸಂಘಗಳು ಇ-ಮೇಲನ್ನು ದೊಡ್ಡ ಕಂಪನಿಗಳ ಸೇವೆಯ ಮೂಲಕ ನಡೆಸುತ್ತವೆ. ಆದರೆ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಸಂಘಗಳೂ ಇವೆ. ಕಚೇರಿಯ ಒಂದು ಮೂಲೆಯಲ್ಲಿ, ಯುಪಿಎಸ್ ಪಕ್ಕದಲ್ಲಿ ಒಂದು ಪೆಟ್ಟಿಗೆ ಗುಂಯ್‌ಗುಡುತ್ತಿರುತ್ತದೆ. ಎಷ್ಟೋ ವರ್ಷದ ಹಿಂದೆ ಸದಸ್ಯರೊಬ್ಬರ ಮಗ ಬೇಸಗೆ ರಜೆಯಲ್ಲಿ ಬಂದಿದ್ದಾಗ ಅದನ್ನು ಕೂಡಿಸಿಕೊಟ್ಟಿರುತ್ತಾನೆ. ಅವನೀಗ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾನೆ. ಪೆಟ್ಟಿಗೆ ಮಾತ್ರ ಇಲ್ಲಿಯೇ ಇದೆ, ಅದನ್ನು ಮುಟ್ಟಲು ಎಲ್ಲರಿಗೂ ಭಯ. ಇಂಥ ಸರ್ವರು ‘ಓಪನ್ ರಿಲೇ’ ಆಗಿದೆಯೇ ಎಂದು ನೋಡುವುದು ಹೇಗೆ, ಆಗಿದ್ದರೆ ಮಾಡಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಿದೆ. ಕಂಪ್ಯೂಟರ್ ನಮಗೇಕೆ ಎಂದು ಪುಟ ತಿರುಗಿಸಬೇಡಿ. ಪರೀಕ್ಷೆ ಮಾಡುವವರು ಬೇರೆಯವರೇ ಇರಲಿ. ಮಹಾಸಭೆಯಲ್ಲಿ ಎದ್ದು ನಿಂತು “ಪರೀಕ್ಷೆ ಮಾಡಿಸಿದ್ದೀರಾ, ಎಲ್ಲಿಂದ ಮಾಡಿಸಿದಿರಿ, ಏನು ಉತ್ತರ ಬಂತು?” ಎಂದು ಕೇಳುವ ಹಕ್ಕು ಷೇರು ಹಾಕಿದ ನಿಮ್ಮದು. ಬಂದ ಉತ್ತರ ಸರಿಯೋ ಅಲ್ಲವೋ ಎಂದು ತಿಳಿಯುವಷ್ಟು ವಿಷಯ ಗೊತ್ತಿದ್ದರೆ ಒಳ್ಳೆಯದು.

ರಿಲೇ ಎಂದರೆ ಕೈಯಿಂದ ಕೈಗೆ ದಾಟಿಸುವುದು. ಇ-ಮೇಲ್ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೀಗೆಯೇ ದಾಟುತ್ತದೆ. ಸಂಘದ ಮೇಲ್ ಸರ್ವರಿಗೆ ಸರಿಯಾಗಿ ಎರಡೇ ಕೆಲಸ. ಒಂದು, ಪ್ರಪಂಚದ ಯಾರೇ ಆಗಲಿ ಸಂಘದ ವಿಳಾಸಕ್ಕೆ ಬರೆದ ಕಾಗದವನ್ನು ಒಳಗೆ ತೆಗೆದುಕೊಳ್ಳುವುದು. ಎರಡು, ಸಂಘದ ಸಿಬ್ಬಂದಿ ಬರೆದ ಕಾಗದವನ್ನು ಪ್ರಪಂಚದ ಯಾವ ವಿಳಾಸಕ್ಕೇ ಆಗಲಿ ಕಳುಹಿಸುವುದು. ಈ ಎರಡರಲ್ಲಿ ಯಾವುದರಲ್ಲೂ ಒಂದು ತುದಿಯಲ್ಲಿ ಸಂಘದವರು ಇದ್ದೇ ಇರುತ್ತಾರೆ. ಎರಡು ತುದಿಯಲ್ಲೂ ಅಪರಿಚಿತರೇ ಇರುವ ಕಾಗದವನ್ನು, ಅಂದರೆ ಎಲ್ಲಿಯವನೋ ಒಬ್ಬ ಇನ್ನೆಲ್ಲಿಯವನಿಗೋ ಬರೆದುದನ್ನು, ನಮ್ಮ ಸರ್ವರು ಮರುಮಾತಿಲ್ಲದೆ ತೆಗೆದುಕೊಂಡು ಸಾಗಿಸಿದರೆ ಅದೇ ಓಪನ್ ರಿಲೇ. ತೋಟದ ದಣಪೆ ತೆಗೆದಿಟ್ಟರೆ ಊರಿನ ದನವೆಲ್ಲ ಆ ದಾರಿಯಲ್ಲೇ ಆಚೆ ಬದಿಗೆ ದಾಟುವಂತೆ.

ಇದೊಂದು ಕಾಲದಲ್ಲಿ ತಪ್ಪೇ ಆಗಿರಲಿಲ್ಲ ಎಂಬುದು ಆಶ್ಚರ್ಯದ ಸಂಗತಿ. ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಕ್ರಮವನ್ನು ಅಮೆರಿಕದ ಜಾನ್ ಪೋಸ್ಟೆಲ್ ಅವರು 1982ರ ಆಗಸ್ಟಿನಲ್ಲಿ ಬರೆದು ಪ್ರಕಟಿಸಿದರು. ಆಗ ಜಾಲದಲ್ಲಿದ್ದುದು ವಿಶ್ವವಿದ್ಯಾಲಯಗಳು, ಸಂಶೋಧನಾಲಯಗಳು ಮತ್ತು ಕೆಲವು ಸರಕಾರಿ ಕಚೇರಿಗಳು. ಒಂದು ಯಂತ್ರಕ್ಕೆ ಇನ್ನೊಂದು ಯಂತ್ರ ನೇರವಾಗಿ ಸಿಗದಿದ್ದಾಗ ಮಧ್ಯದ ಯಂತ್ರವು ಕಾಗದವನ್ನು ಇಸಿದುಕೊಂಡು ಮುಂದೆ ದಾಟಿಸುವುದು ನೆರೆಹೊರೆಯ ಧರ್ಮವೆನಿಸಿತ್ತು. ಪೇಟೆಗೆ ಹೋಗುವವರ ಕೈಯಲ್ಲಿ ನಾವು ಕಾಗದ ಕೊಟ್ಟು ಕಳುಹಿಸುತ್ತಿದ್ದೆವಲ್ಲ, ಹಾಗೆ. ಕೊಟ್ಟವನು ಯಾರು ಎಂದು ಕೇಳುವ ಪದ್ಧತಿ ಇರಲಿಲ್ಲ, ಕೇಳುವ ಅಗತ್ಯವೂ ಕಾಣಲಿಲ್ಲ.

1990ರ ದಶಕದಲ್ಲಿ ಜಾಲ ಜನಸಾಮಾನ್ಯರಿಗೆ ತೆರೆಯಿತು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮೂಲಕ ಸಾರ್ವಜನಿಕ ಇಂಟರ್‌ನೆಟ್ ಆರಂಭವಾಯಿತು. ಜೊತೆಗೇ ಜಾಹೀರಾತು ಕಾಗದವನ್ನು ಲಕ್ಷಗಟ್ಟಲೆ ಸುರಿಯುವವರೂ ಹುಟ್ಟಿಕೊಂಡರು. ಇಂಥ ಕಾಗದಕ್ಕೆ ಸ್ಪಾಮ್ ಎಂದು ಹೆಸರು. ಅವರಿಗೆ ಓಪನ್ ರಿಲೇ ಎಷ್ಟು ಲಾಭದ್ದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎಸ್‌ಎಂಟಿಪಿ ನಿಯಮದ ಪ್ರಕಾರ ಒಂದೇ ಕಾಗದಕ್ಕೆ ಕನಿಷ್ಠ 100 ಮಂದಿ ವಿಳಾಸದಾರರನ್ನು ಹೇಳಿದರೂ ಸರ್ವರು ಒಪ್ಪಿಕೊಳ್ಳಬೇಕು. ಸ್ಪಾಮಿನವನು 10 ಕಿಲೋಬೈಟಿನ ಒಂದು ಕಾಗದವನ್ನು ನೂರು ಬೇರೆ ಬೇರೆ ಊರಿನ ವಿಳಾಸ ಸಹಿತ ನಮ್ಮ ಸರ್ವರಿಗೆ ಒಮ್ಮೆ ಕೊಡುತ್ತಾನೆ. ನಮ್ಮ ಸರ್ವರು ಅದನ್ನು ನೂರು ಕಡೆಗೆ ನೂರು ಸಲ ಹೊರುತ್ತದೆ, ಅಂದರೆ ಸುಮಾರು 1000 ಕಿಲೋಬೈಟು. ಅವನ ಖರ್ಚು ಒಂದು ಪಾಲು, ನಮ್ಮದು ನೂರು ಪಾಲು. ಅಲ್ಲದೆ ಬೈಗುಳ ಬರುವುದೂ ನಮ್ಮ ವಿಳಾಸಕ್ಕೇ.

ಈ ಹಾವಳಿಯ ಮೇಲೆ ಎರಡು ದಿಕ್ಕಿನಿಂದ ತಡೆ ಬಂತು. ಮೊದಲನೆಯದು ಸರ್ವರ್ ತಂತ್ರಾಂಶ ಬರೆಯುವವರಿಂದ. ಆಗ ಬಹಳ ಬಳಕೆಯಲ್ಲಿದ್ದ ಸೆಂಡ್‌ಮೇಲ್ ಎಂಬ ತಂತ್ರಾಂಶ 1998ರ ತನ್ನ 8.9ನೇ ಆವೃತ್ತಿಯಲ್ಲಿ ಅಪರಿಚಿತರ ಕಾಗದ ದಾಟಿಸುವುದನ್ನು ತಾನಾಗಿಯೇ ನಿಲ್ಲಿಸಿತು. ಬೇಕೆಂದವರು ಮಾತ್ರ ತೆರೆದುಕೊಳ್ಳಬೇಕಾಯಿತು. ಮರುವರ್ಷ, 1999ರ ಫೆಬ್ರವರಿಯಲ್ಲಿ, ಸರ್ವರುಗಳು ಅಪರಿಚಿತರಿಗೆ ರಿಲೇ ಮಾಡಕೂಡದೆಂಬ ಶಿಫಾರಸು ಲಿಖಿತವಾಗಿ ಹೊರಬಂತು. ಎರಡನೆಯ ತಡೆ ಕಪ್ಪುಪಟ್ಟಿಗಳದು. ತೆರೆದ ಸರ್ವರುಗಳ ವಿಳಾಸವನ್ನು ಪಟ್ಟಿಮಾಡಿ ಇಡುವುದು, ಕಾಗದ ಸ್ವೀಕರಿಸುವವರು ಆ ಪಟ್ಟಿಯನ್ನು ನೋಡಿ ಬಾಗಿಲು ಹಾಕಿಕೊಳ್ಳುವುದು.

ಪಟ್ಟಿಗಳ ಕಥೆಯೂ ತಿಳಿದಿರಬೇಕಾದದ್ದೇ. ನ್ಯೂಜಿಲೆಂಡಿನಿಂದ ನಡೆಯುತ್ತಿದ್ದ ಓಆರ್‌ಬಿಎಸ್ ಎಂಬ ಪಟ್ಟಿ ಸರ್ವರುಗಳನ್ನು ತಾನೇ ಹುಡುಕಿ ಪರೀಕ್ಷಿಸುತ್ತಿತ್ತು. ಕೇಳದೆ ಬಾಗಿಲು ತಟ್ಟುವುದು ಸರಿಯೇ ಎಂಬ ಜಗಳದ ನಡುವೆ ಅದು 2001ರಲ್ಲಿ ಮುಚ್ಚಿತು. ಡೆನ್ಮಾರ್ಕಿನ ಓಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರಿನಲ್ಲಿ ಕೆಲಸ ನಿಲ್ಲಿಸಿತು. ನಿಲ್ಲಿಸಿದ ಮೇಲೂ ಅನೇಕರು ತಮ್ಮ ಸರ್ವರಿನಿಂದ ಅದರ ಹೆಸರನ್ನು ತೆಗೆಯದೆ ಅದನ್ನೇ ವಿಚಾರಿಸುತ್ತ ಕುಳಿತಿದ್ದರು. 2008ರ ಮಾರ್ಚಿನಲ್ಲಿ ಒಂದು ದಿನ ಆ ಪಟ್ಟಿ ಯಾರನ್ನು ಕೇಳಿದರೂ “ಹೌದು, ಅವನು ಕಳ್ಳ” ಎಂದು ಉತ್ತರ ಕೊಡತೊಡಗಿತು. ಹೆಸರು ತೆಗೆಯದೆ ಉಳಿದವರಿಗೆ ಆ ದಿನ ಒಂದು ಕಾಗದವೂ ಒಳಗೆ ಬರಲಿಲ್ಲ. ಒಮ್ಮೆ ಕೂಡಿಸಿಕೊಟ್ಟು ಮತ್ತೆ ತಿರುಗಿ ನೋಡದ ಸರ್ವರಿನ ಗತಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣೆ.

ತೆರೆದೇ ಇಡುವುದೇ ಧರ್ಮ ಎಂದು ಹಟ ಹಿಡಿದವರೂ ಇದ್ದರು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸ್ಥಾಪಕರಲ್ಲಿ ಒಬ್ಬರಾದ ಜಾನ್ ಗಿಲ್ಮೋರ್, ಪ್ರವಾಸದಲ್ಲಿರುವ ಸ್ನೇಹಿತರಿಗೆ ಉಪಯೋಗವಾಗಲಿ ಎಂದು ತಮ್ಮ ಸರ್ವರನ್ನು ಬುದ್ಧಿಪೂರ್ವಕವಾಗಿಯೇ ತೆರೆದಿಟ್ಟಿದ್ದರು. 2001ರಲ್ಲಿ ಇದೇ ವಿಷಯವಾಗಿ ಅವರಿಗೂ ಅವರ ಸಂಪರ್ಕ ಸಂಸ್ಥೆಗೂ ಬಹಿರಂಗ ವ್ಯಾಜ್ಯವಾಯಿತು. ಅವರ ತತ್ತ್ವದ ಬಗ್ಗೆ ಗೌರವವಿಟ್ಟುಕೊಂಡೇ ಹೇಳುವುದಾದರೆ, ಷೇರುದಾರರ ಹಣದಲ್ಲಿ ನಡೆಯುವ ಸಂಘಕ್ಕೆ ಆ ಮಾರ್ಗ ಹೇಳಿದ್ದಲ್ಲ.

ಈಗ ನಷ್ಟದ ವಿಷಯ. ಸರ್ವರು ತೆರೆದಿದೆ ಎಂಬುದು ಸಾಮಾನ್ಯವಾಗಿ ನಮಗಿಂತ ಮೊದಲು ಕಳ್ಳರಿಗೆ ಗೊತ್ತಾಗುತ್ತದೆ. ಜಾಲದಲ್ಲಿ ದಿನವಿಡೀ 25ನೇ ಪೋರ್ಟನ್ನು ತಟ್ಟಿ ನೋಡುವ ಯಂತ್ರಗಳಿವೆ. ಮೇಲ್ ಸರ್ವರುಗಳು ಪರಸ್ಪರ ಮಾತನಾಡುವ ಬಾಗಿಲು ಅದೇ. ಮೊದಲು ಇಂಟರ್‌ನೆಟ್ ನಿಧಾನವಾಗುತ್ತದೆ, ಗುಮಾಸ್ತರು ಕೇಬಲಿನವನನ್ನು ಬೈಯುತ್ತಾರೆ. ಆಮೇಲೆ ಸಂಘದ ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರುತ್ತದೆ, ಖರೀದಿದಾರರಿಗೆ ಕಳುಹಿಸಿದ ಕಾಗದಗಳು ಹಿಂದಕ್ಕೆ ಬರುತ್ತವೆ, ಇಲ್ಲವೇ ಅವರ ಕಸದ ಬುಟ್ಟಿಯಲ್ಲಿ ಬೀಳುತ್ತವೆ. ಅಡಿಕೆ ಸುಗ್ಗಿಯೂ ಅರೇಬಿಕಾ ಕೊಯ್ಲೂ ಕೂಡಿಬರುವ ಡಿಸೆಂಬರಿನಲ್ಲಿ ಹತ್ತು ದಿನ ಹೀಗಾದರೆ ಎಷ್ಟು ವ್ಯವಹಾರ ಕೈತಪ್ಪೀತು ಎಂಬುದನ್ನು ಓದುಗರೇ ಊಹಿಸಬಹುದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಾಗದದ ಮೇಲಿನ ‘ಇಂಥವರಿಂದ’ ಎಂಬ ವಿಳಾಸವನ್ನು ಯಾರು ಏನೆಂದಾದರೂ ಬರೆಯಬಹುದು. ಲಕೋಟೆಯ ಹಿಂದೆ ಸುಳ್ಳು ವಿಳಾಸ ಬರೆದಷ್ಟೇ ಸುಲಭ. ಇದನ್ನು ತಡೆಯಲು ಎಸ್‌ಪಿಎಫ್ ಎಂಬ ಏರ್ಪಾಡು ಇದೆ: “ನಮ್ಮ ಸಂಘದ ಕಾಗದ ಈ ಸರ್ವರಿನಿಂದ ಮಾತ್ರ ಹೊರಡುತ್ತದೆ” ಎಂದು ಸಂಘವು ಮೊದಲೇ ಸಾರಿಡುತ್ತದೆ, ಸ್ವೀಕರಿಸುವವರು ಅದನ್ನು ತಾಳೆ ನೋಡುತ್ತಾರೆ. ಆದರೆ ಕಳ್ಳನೇ ನಮ್ಮ ತೆರೆದ ಸರ್ವರಿನ ಮೂಲಕ, ಕಾರ್ಯದರ್ಶಿಯವರ ಹೆಸರಿನಲ್ಲಿ ಬರೆದರೆ? ಕಾಗದ ಸಂಘದ ಸರ್ವರಿನಿಂದಲೇ ಹೊರಟಿತು, ಆದುದರಿಂದ ತಾಳೆ ಸರಿಯಾಗಿಯೇ ಬರುತ್ತದೆ. “ಸಂಘದ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಹಣವನ್ನು ಈ ಹೊಸ ಖಾತೆಗೆ ಹಾಕತಕ್ಕದ್ದು” ಎಂಬ ಎರಡು ಸಾಲು ಖರೀದಿದಾರರ ಕೈಗೆ ಹೀಗೆ ತಲಪಿದರೆ ಅವರು ನಂಬಿದ್ದು ತಪ್ಪೆಂದು ಹೇಳಲಾಗದು. ಹಣ ಮಾತ್ರ ಹೋಗಿರುತ್ತದೆ.

ಪರೀಕ್ಷೆಗೆ ಮುನ್ನ ಒಂದು ಎಚ್ಚರಿಕೆ. ಸ್ವಂತ ಸಂಘದ ಸರ್ವರನ್ನು, ಅದೂ ಆಡಳಿತ ಮಂಡಳಿಯ ಅಥವಾ ಕಾರ್ಯದರ್ಶಿಯವರ ಲಿಖಿತ ಒಪ್ಪಿಗೆಯ ಮೇಲೆ ಮಾತ್ರ ಪರೀಕ್ಷಿಸಬೇಕು. ಪಕ್ಕದ ಸಂಘದ್ದು ಹೇಗಿದೆ ನೋಡೋಣ ಎಂದು ಹೊರಟರೆ ಅದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ತೊಡಕಿಗೆ ಸಿಕ್ಕೀತು.

ಎರಡನೆಯ ಮಾತು, ಪರೀಕ್ಷೆಯನ್ನು ಕಚೇರಿಯ ಒಳಗಿನಿಂದ ಮಾಡಬಾರದು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕಚೇರಿಯೊಳಗಿನ ಕಂಪ್ಯೂಟರುಗಳನ್ನು ಸರ್ವರು ತನ್ನವರೆಂದು ನಂಬಿರುತ್ತದೆ, ಅವು ಕೊಟ್ಟದ್ದನ್ನೆಲ್ಲ ದಾಟಿಸುತ್ತದೆ. ಅಲ್ಲಿಂದ ನೋಡಿದರೆ ಸರಿಯಾಗಿರುವ ಸರ್ವರೂ ತೆರೆದಂತೆಯೇ ಕಾಣುತ್ತದೆ. ಹೊರಗಿನ ಬೇರೆ ಸಂಪರ್ಕದಿಂದಲೇ ನೋಡಬೇಕು. ಇಲ್ಲಿ ಇನ್ನೊಂದು ತೊಂದರೆ ಇದೆ. ಮನೆ ಸಂಪರ್ಕ, ಮೊಬೈಲ್ ಸಂಪರ್ಕ ಕೊಡುವ ಅನೇಕ ಕಂಪನಿಗಳು ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿರುತ್ತವೆ, ಬಾಡಿಗೆ ಸರ್ವರು ಕೊಡುವವರಲ್ಲೂ ಹಲವರು ಹಾಗೆಯೇ. ಆಗ ಸಂಪರ್ಕವೇ ಆಗುವುದಿಲ್ಲ. “ಬಾಗಿಲು ತೆರೆಯಲಿಲ್ಲ, ಆದ್ದರಿಂದ ಸರ್ವರು ಭದ್ರ” ಎಂದು ವರದಿ ಬರೆದರೆ ಅದು ತಪ್ಪು ವರದಿ. ತಟ್ಟಿದ್ದು ಬಾಗಿಲಿಗೆ ಮುಟ್ಟಿಯೇ ಇಲ್ಲ.

ಇದಕ್ಕಾಗಿಯೇ ಮೊದಲು ಸರಿಯಾದ ಕಾಗದವೊಂದನ್ನು ಕೊಟ್ಟು ನೋಡುವುದು ಒಳ್ಳೆಯದು. ಹೊರಗಿನಿಂದ ಸಂಘದ ವಿಳಾಸಕ್ಕೆ ಬರೆದ ಕಾಗದವನ್ನು ಸರ್ವರು ತೆಗೆದುಕೊಂಡರೆ ದಾರಿ ಸರಿಯಿದೆ ಎಂದರ್ಥ. ನಂತರವೇ ತೆಗೆದುಕೊಳ್ಳಬಾರದ ಕಾಗದವನ್ನು ಕೊಡಬೇಕು.

ಪರೀಕ್ಷಕರ ಬಳಿ ಹೊರಗಿನ ಎರಡು ಇ-ಮೇಲ್ ವಿಳಾಸಗಳು ಇರಬೇಕು, ಎರಡೂ ಅವರವೇ ಆಗಿರಬೇಕು, ಎರಡಕ್ಕೂ ಸಂಘದ ಡೊಮೇನಿಗೂ ಸಂಬಂಧ ಇರಬಾರದು. ಟೆಲ್ನೆಟ್ ಎಂಬ ಹಳೆಯ ಸಾಧನದಿಂದ ಸಂಘದ ಸರ್ವರಿನ 25ನೇ ಪೋರ್ಟಿಗೆ ಸೇರಿದರೆ, ಸರ್ವರು ತಾನಾಗಿ 220 ಎಂಬ ಸಂಖ್ಯೆಯಿಂದ ಆರಂಭವಾಗುವ ಒಂದು ಸಾಲು ಹೇಳುತ್ತದೆ. ಮುಂದಿನದು ಮಾತುಕತೆಯಂತೆ ಇರುತ್ತದೆ. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಬೇಕು, ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ನಾವು: ಇಎಚ್‌ಎಲ್‌ಓ, ನಮ್ಮ ಯಂತ್ರದ ಹೆಸರು
ಸರ್ವರು: 250
ನಾವು: ಮೇಲ್ ಫ್ರಮ್: <ಹೊರಗಿನ ಮೊದಲ ವಿಳಾಸ>
ಸರ್ವರು: 250
ನಾವು: ಆರ್‌ಸಿಪಿಟಿ ಟು: <ಹೊರಗಿನ ಎರಡನೆಯ ವಿಳಾಸ>

ಇಲ್ಲಿ ಬರುವ ಉತ್ತರವೇ ಮುಖ್ಯ. 550 ಅಥವಾ 554 ಎಂಬ ಸಂಖ್ಯೆ, ಜೊತೆಗೆ ‘ರಿಲೇ ಆಕ್ಸೆಸ್ ಡಿನೈಡ್’ ಅಥವಾ ‘ರಿಲೇಯಿಂಗ್ ಡಿನೈಡ್’ ಎಂಬ ಮಾತು ಬಂದರೆ ದಣಪೆ ಹಾಕಿದೆ, ಸಂತೋಷ. 530 ಬಂದರೆ ಗುರುತು ಹೇಳು ಎಂದು ಕೇಳುತ್ತಿದೆ, ಅದೂ ಸರಿಯೇ. 450 ಅಥವಾ 451 ಬಂದರೆ “ಈಗ ಬೇಡ, ಸ್ವಲ್ಪ ಹೊತ್ತು ಬಿಟ್ಟು ಬಾ” ಎಂದು. ಕೆಲವು ಸರ್ವರುಗಳು ಹೊಸಬರನ್ನು ಮೊದಲ ಸಲ ಹೀಗೆಯೇ ವಾಪಸು ಕಳುಹಿಸುತ್ತವೆ. ಅದನ್ನು ಫಲಿತಾಂಶವೆಂದು ತಿಳಿಯದೆ ಅರ್ಧ ಗಂಟೆ ಕಳೆದು ಮತ್ತೆ ನೋಡಬೇಕು. 250 ಬಂದರೆ ಸಂಶಯಪಡಬೇಕು.

ಸಂಶಯ ಎಂದೆನೇ ಹೊರತು ತೀರ್ಪು ಎನ್ನಲಿಲ್ಲ. ಮೊದಲು ಎಲ್ಲದಕ್ಕೂ ಹೂಂ ಎಂದು ಆಮೇಲೆ ಎಸೆದುಬಿಡುವ ಸರ್ವರುಗಳೂ ಇವೆ. ಆದ್ದರಿಂದ ಪೂರ್ತಿ ಮಾಡಿ ನೋಡಬೇಕು. ಡೇಟಾ ಎಂದು ಬರೆದರೆ ಸರ್ವರು 354 ಎನ್ನುತ್ತದೆ. ವಿಷಯದ ಸಾಲು, ಒಂದು ಖಾಲಿ ಸಾಲು, “ಇದು ಪರೀಕ್ಷೆ” ಎಂಬ ಮಾತು ಹಾಗೂ ದಿನಾಂಕ, ವೇಳೆ ಬರೆದು, ಕೊನೆಯ ಸಾಲಿನಲ್ಲಿ ಒಂದೇ ಒಂದು ಚುಕ್ಕೆ ಇಟ್ಟರೆ ಕಾಗದ ಮುಗಿದಂತೆ. ಕ್ವಿಟ್ ಎಂದು ಹೇಳಿ ಹೊರಬಂದು ಎರಡನೆಯ ವಿಳಾಸದ ಪೆಟ್ಟಿಗೆಯನ್ನು, ಅದರ ಸ್ಪಾಮ್ ಬುಟ್ಟಿಯನ್ನೂ ಬಿಡದೆ, ನೋಡಬೇಕು. ಕಾಗದ ಬಂದಿದ್ದರೆ ನಿಮ್ಮ ಸರ್ವರು ಓಪನ್ ರಿಲೇ, ಇನ್ನು ಚರ್ಚೆಗೆ ಎಡೆಯಿಲ್ಲ. ಬರದಿದ್ದರೆ ತಕ್ಷಣ ನಿರಾಳವಾಗಬೇಡಿ. ನಿಮ್ಮ ಸರ್ವರು ಕಳುಹಿಸಿ, ಆಚೆಯವರು ಕಪ್ಪುಪಟ್ಟಿ ನೋಡಿ ತಿರಸ್ಕರಿಸಿರಬಹುದು. ಸರ್ವರಿನ ದಿನಚರಿ, ಅಂದರೆ ಲಾಗ್ ತೆಗೆದು ಆ ವೇಳೆಯ ಸಾಲನ್ನು ಓದಿದರೆ ಕಳುಹಿಸಲು ಹೊರಟಿತ್ತೋ ಇಲ್ಲವೋ ತಿಳಿಯುತ್ತದೆ.

ಒಂದೇ ಬಗೆಯಲ್ಲಿ ನೋಡಿ ಬಿಡಬಾರದು. ಎರಡನೆಯ ಪರೀಕ್ಷೆಯಲ್ಲಿ ಕಳುಹಿಸಿದವರ ಜಾಗದಲ್ಲಿ ಸಂಘದ್ದೇ ಒಂದು ವಿಳಾಸ ಹಾಕಿ, ಹೊರಗಿನಿಂದ, ಪಾಸ್‌ವರ್ಡ್ ಹೇಳದೆ, ಹೊರಗಿನ ವಿಳಾಸಕ್ಕೆ ಕೊಟ್ಟು ನೋಡಬೇಕು. “ಹೆಸರು ನಮ್ಮದೇ ಇದೆಯಲ್ಲ” ಎಂದು ನಂಬಿ ದಾಟಿಸುವಂತೆ ಕೂಡಿಸಿದ ಸರ್ವರುಗಳಿವೆ. ಮೇಲೆ ಹೇಳಿದ ಬ್ಯಾಂಕ್ ಖಾತೆಯ ಮೋಸಕ್ಕೆ ಇದು ನೇರ ದಾರಿ, ಆದ್ದರಿಂದ ನನ್ನ ದೃಷ್ಟಿಯಲ್ಲಿ ಮೊದಲ ಪರೀಕ್ಷೆಗಿಂತಲೂ ಇದೇ ಮುಖ್ಯ. ಮೂರನೆಯದು, ಕಳುಹಿಸಿದವರ ಜಾಗವನ್ನು ಖಾಲಿ ಬಿಟ್ಟು ನೋಡುವುದು. ಹಿಂದಿರುಗಿದ ಕಾಗದಗಳ ಸೂಚನೆ ಖಾಲಿ ವಿಳಾಸದಿಂದಲೇ ಬರುವುದರಿಂದ ಕೆಲವು ಸರ್ವರುಗಳು ಅದಕ್ಕೆ ವಿನಾಯಿತಿ ಕೊಟ್ಟಿರುತ್ತವೆ.

ಇನ್ನು ಹಳೆಯ ಕಾಲದ ವಿಳಾಸ ಪದ್ಧತಿಗಳು. ಹೊರಗಿನ ವಿಳಾಸದ @ ಗುರುತಿನ ಬದಲು ಶೇಕಡಾ ಗುರುತು ಹಾಕಿ, ಕೊನೆಗೆ @ ಹಾಗೂ ಸಂಘದ ಡೊಮೇನ್ ಸೇರಿಸಿದರೆ ಅದು ನೋಡಲು ಸಂಘದ್ದೇ ವಿಳಾಸದಂತೆ ಇರುತ್ತದೆ. ಸರ್ವರು ಅದನ್ನು ಒಳಗೆ ಬಿಟ್ಟು, ಆಮೇಲೆ ಶೇಕಡಾವನ್ನು @ ಎಂದು ಓದಿ ಹೊರಗೆ ಕಳುಹಿಸಿದರೆ ಕಳ್ಳನ ಕೆಲಸವಾಯಿತು. ಆಶ್ಚರ್ಯಸೂಚಕ ಚಿಹ್ನೆಯಿಂದಲೂ, ಉದ್ಧರಣ ಚಿಹ್ನೆಯೊಳಗೆ ಪೂರ್ತಿ ವಿಳಾಸ ಬರೆದೂ ಇದೇ ಆಟ ಆಡಬಹುದು. ಇವನ್ನೆಲ್ಲ ಕೈಯಲ್ಲಿ ಟೈಪು ಮಾಡುತ್ತ ಕೂರಬೇಕಾಗಿಲ್ಲ. ಎನ್‌ಮ್ಯಾಪ್ ಎಂಬ ಉಚಿತ ಸಾಧನದಲ್ಲಿ ಓಪನ್ ರಿಲೇ ನೋಡುವುದಕ್ಕೇ ಒಂದು ಲಿಪಿ ಇದ್ದು ಅದು ಹದಿನಾರು ಬಗೆಯನ್ನು ಒಂದಾದ ಮೇಲೊಂದು ಪ್ರಯತ್ನಿಸುತ್ತದೆ. ಎಂಎಕ್ಸ್ ಟೂಲ್‌ಬಾಕ್ಸ್‌ನಂಥ ಸೇವೆಗಳು ಪುಕ್ಕಟೆಯಾಗಿ ಹೊರಗಿನಿಂದ ತಟ್ಟಿ ನೋಡುತ್ತವೆ. ಆದರೆ ಅವು ನೋಡುವುದು ಸರಳ ಬಗೆಯನ್ನು. ಅವುಗಳ ಹಸಿರು ಗುರುತನ್ನೇ ಪೂರ್ಣ ಪ್ರಮಾಣಪತ್ರವೆಂದು ತಿಳಿಯಬಾರದು. ಸರ್ವರಿಗೆ ಐಪಿವಿ6 ವಿಳಾಸವೂ ಇದ್ದರೆ ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದಿದೆ ಎಂಬ ಸ್ಥಿತಿ ಇಲ್ಲಿ ಅಪರೂಪವಲ್ಲ.

ಬಾಗಿಲು ತೆರೆದಿದೆ ಎಂದು ಕಂಡರೆ ಕಾರಣವನ್ನು ಹುಡುಕಬೇಕು. ನಮ್ಮ ಕಡೆ ಬಹಳ ಪ್ರಚಲಿತವಾದ ಪೋಸ್ಟ್‌ಫಿಕ್ಸ್ ತಂತ್ರಾಂಶದಲ್ಲಿ ‘ಮೈನೆಟ್‌ವರ್ಕ್ಸ್’ ಎಂಬ ಒಂದು ಸಾಲು ಇದೆ. ಯಾರನ್ನು ಕೇಳದೆ ನಂಬಬೇಕು ಎಂಬ ಪಟ್ಟಿ ಅದು. ಯಾವುದೋ ಒಂದು ಕಂಪ್ಯೂಟರಿನಿಂದ ಕಾಗದ ಹೋಗುತ್ತಿಲ್ಲವೆಂದು ಅಲ್ಲಿ 0.0.0.0/0 ಎಂದು ಬರೆದು ಕೈತೊಳೆದುಕೊಂಡವರಿದ್ದಾರೆ. ಅದರ ಅರ್ಥ ‘ಪ್ರಪಂಚವೆಲ್ಲ ನಮ್ಮವರೇ’ ಎಂದು. ಅಲ್ಲಿ ಸರ್ವರಿನ ಸ್ವಂತ ವಿಳಾಸ ಹಾಗೂ ತೀರ ಅಗತ್ಯವಾದ ಯಂತ್ರಗಳ ವಿಳಾಸ ಬಿಟ್ಟು ಬೇರೇನೂ ಇರಬಾರದು. ಸ್ಕ್ಯಾನರು, ಜೆರಾಕ್ಸ್ ಯಂತ್ರಗಳು ನೇರವಾಗಿ ಇ-ಮೇಲ್ ಕಳುಹಿಸಲೆಂದು ಇಡೀ ಕಚೇರಿಯ ಜಾಲವನ್ನು ಸೇರಿಸುವ ಬದಲು ಆ ಒಂದು ಯಂತ್ರದ ವಿಳಾಸವನ್ನು ಸೇರಿಸಿದರೆ ಸಾಕು. ಅದೇ ತಂತ್ರಾಂಶದಲ್ಲಿ ರಿಲೇ ನಿರ್ಬಂಧದ ಸಾಲು ಬೇರೆ ಇದೆ. ಅಲ್ಲಿ ‘ರಿಜೆಕ್ಟ್ ಅನ್‌ಆಥ್ ಡೆಸ್ಟಿನೇಶನ್’ ಎಂಬ ಮಾತು ಇದೆಯೇ ಎಂದು ನೋಡತಕ್ಕದ್ದು.

ಇನ್ನೊಂದು ಕಾರಣ ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ರೂಟರು ಸುಡುವುದು ನಮಗೆ ಹೊಸದಲ್ಲ. ಮರುದಿನ ಬಂದವನು ಹೊಸ ರೂಟರು ಇಟ್ಟು, ಹೊರಗಿನಿಂದ ಬರುವ 25ನೇ ಪೋರ್ಟಿನ ಸಂಪರ್ಕವನ್ನು ಸರ್ವರಿಗೆ ತಿರುಗಿಸಿ, ಕಾಗದ ಬರುತ್ತಿದೆಯೇ ಎಂದಷ್ಟೇ ನೋಡಿ ಹೋಗುತ್ತಾನೆ. ಈ ತಿರುಗಿಸುವಿಕೆಯನ್ನು ಒಂದು ರೀತಿಯಲ್ಲಿ ಮಾಡಿದರೆ ಹೊರಗಿನಿಂದ ಬಂದವನ ಸ್ವಂತ ವಿಳಾಸ ಅಳಿಸಿಹೋಗಿ, ಅದರ ಜಾಗದಲ್ಲಿ ರೂಟರಿನ ಒಳವಿಳಾಸ, 192.168.1.1 ಎಂಬಂಥದ್ದು, ಸರ್ವರಿಗೆ ಕಾಣುತ್ತದೆ. ಸರ್ವರಿನ ಪಾಲಿಗೆ ಈಗ ಪ್ರಪಂಚದ ಪ್ರತಿಯೊಬ್ಬನೂ ಕಚೇರಿಯೊಳಗಿನವನೇ. ಮೈನೆಟ್‌ವರ್ಕ್ಸ್ ಪಟ್ಟಿಯಲ್ಲಿ ಕಚೇರಿಯ ಜಾಲ ಸೇರಿದ್ದರೆ, ಸರ್ವರಿನಲ್ಲಿ ಒಂದಕ್ಷರವೂ ಬದಲಾಗದೆ ಅದು ರಾತ್ರೋರಾತ್ರಿ ಓಪನ್ ರಿಲೇ ಆಗಿಬಿಡುತ್ತದೆ. ಇದನ್ನು ಪತ್ತೆಮಾಡುವುದು ಸುಲಭ. ಲಾಗ್ ತೆರೆದು ನೋಡಿದಾಗ ಹೊರಗಿನ ಎಲ್ಲ ಕಾಗದಗಳೂ ರೂಟರಿನ ವಿಳಾಸದಿಂದಲೇ ಬಂದಂತೆ ಬರೆದಿದ್ದರೆ ರೋಗ ಇದೇ. ರೂಟರನ್ನು ಸರಿಪಡಿಸಬೇಕು. ಸರಿಪಡಿಸುವವರೆಗೆ ಮೈನೆಟ್‌ವರ್ಕ್ಸ್ ಪಟ್ಟಿಯಿಂದ ಆ ಜಾಲವನ್ನು ತೆಗೆದಿಡಬೇಕು.

ಹಾಗಾದರೆ ಮನೆಯಿಂದಲೋ ಪ್ರವಾಸದಿಂದಲೋ ಕಾರ್ಯದರ್ಶಿಯವರು ಕಾಗದ ಕಳುಹಿಸುವುದು ಹೇಗೆ ಎಂದು ಕೇಳಬಹುದು. ಅದಕ್ಕೆ 587ನೇ ಪೋರ್ಟು ಇದೆ. 1998ರಲ್ಲಿಯೇ ಇದನ್ನು ಸ್ವಂತ ಬಳಕೆದಾರರಿಗೆಂದು ಬೇರ್ಪಡಿಸಿದರು. ಅಲ್ಲಿ ಹೆಸರು, ಪಾಸ್‌ವರ್ಡ್ ಹೇಳಿದವರಿಗೆ ಮಾತ್ರ ದಾರಿ. ಪರೀಕ್ಷೆಯ ದಿನ ಆ ಪೋರ್ಟಿನಲ್ಲೂ ಪಾಸ್‌ವರ್ಡಿಲ್ಲದೆ ಒಮ್ಮೆ ಪ್ರಯತ್ನಿಸಿ ನೋಡಬೇಕು.

ಬಾಗಿಲು ಮುಚ್ಚಿದ ಕೂಡಲೇ ಕೆಲಸ ಮುಗಿಯಲಿಲ್ಲ. ಮುಟ್ಟಿಸಲಾಗದ ಕಾಗದಗಳನ್ನು ಸರ್ವರು ಸರದಿಯಲ್ಲಿ ಇಟ್ಟುಕೊಂಡು ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುವುದು ವಾಡಿಕೆ. ಆ ಸರದಿಯನ್ನು ತೆರವುಮಾಡದಿದ್ದರೆ ಮುಚ್ಚಿದ ಮೇಲೂ ಐದು ದಿನ ನಮ್ಮ ಸರ್ವರಿನಿಂದ ಕಳ್ಳಕಾಗದ ಹೋಗುತ್ತಲೇ ಇರುತ್ತದೆ. ಆದರೆ ಒಟ್ಟಾಗಿ ಅಳಿಸಬಾರದು, ಸಂಘದ ನಿಜವಾದ ಕಾಗದಗಳೂ ಅದರಲ್ಲಿ ಸೇರಿಕೊಂಡಿರುತ್ತವೆ. ಮೊದಲು ಸರದಿಯನ್ನು ತಡೆಹಿಡಿದು, ನಮ್ಮದನ್ನು ಆರಿಸಿ ಉಳಿಸಿ, ಉಳಿದುದನ್ನು ತೆಗೆಯಬೇಕು. ಲಾಗನ್ನು ಮಾತ್ರ ಅಳಿಸದೆ ಪ್ರತಿ ತೆಗೆದಿಡಬೇಕು. ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಲಾಗುಗಳನ್ನು 180 ದಿನ ಇಡಬೇಕೆಂದೂ, ಅದರಲ್ಲಿ ಪಟ್ಟಿಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದೂ ಹೇಳುತ್ತದೆ. ಯಾರಾದರೂ ಸುಳ್ಳು ಕಾಗದ ನಂಬಿ ಹಣ ಕಳುಹಿಸಿದ್ದು ತಿಳಿದರೆ ಒಂದು ನಿಮಿಷವೂ ಕಾಯದೆ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮುಂಚೆ ತಡೆಹಿಡಿಸಲು ಅಷ್ಟೇ ಅವಕಾಶ.

ಕಪ್ಪುಪಟ್ಟಿಯಿಂದ ಹೆಸರು ತೆಗೆಸಲು ಆಯಾ ಪಟ್ಟಿಯವರಿಗೇ ಕೋರಿಕೆ ಸಲ್ಲಿಸಬೇಕು. ಮೊದಲು ದೋಷ ಸರಿಪಡಿಸಿ, ಮತ್ತೊಮ್ಮೆ ಹೊರಗಿನಿಂದ ಪರೀಕ್ಷಿಸಿ, ನಂತರ ಕೋರಿ. ಸರಿಪಡಿಸದೆ ಕೋರಿ ಮತ್ತೆ ಸಿಕ್ಕಿಬಿದ್ದವರ ಮಾತನ್ನು ಎರಡನೆಯ ಸಲ ಅಷ್ಟು ಸುಲಭವಾಗಿ ಕೇಳುವುದಿಲ್ಲ.

ಎಲ್ಲ ಪರೀಕ್ಷೆಗಳಲ್ಲೂ 554 ಎಂದೇ ಬಂದು, ಆದರೂ ಸಂಘದ ಸರ್ವರಿನಿಂದ ಸ್ಪಾಮ್ ಹೋಗುತ್ತಿದೆ ಎಂಬ ದೂರು ಬಂದರೆ, ಯಾರದೋ ಪಾಸ್‌ವರ್ಡ್ ಕಳವಾಗಿರುವ ಸಂಭವವೇ ಹೆಚ್ಚು. ಹೊಸ ತಂತ್ರಾಂಶಗಳು ತಾವಾಗಿಯೇ ಮುಚ್ಚಿಕೊಂಡು ಬರುವುದರಿಂದ ಈಗ ಕಳ್ಳರು ಬಾಗಿಲಿಗಿಂತ ಬೀಗದ ಕೈ ಹುಡುಕುತ್ತಾರೆ. ಸಂಘದ ಹೆಸರು ಮತ್ತು 123 ಸೇರಿಸಿದ ಪಾಸ್‌ವರ್ಡ್ ಇರುವ ಕಚೇರಿಯಲ್ಲಿ ಓಪನ್ ರಿಲೇ ಪರೀಕ್ಷೆ ಮಾಡಿ ಏನೂ ಉಪಯೋಗವಿಲ್ಲ.

ಇಷ್ಟೆಲ್ಲ ನೋಡಿಕೊಳ್ಳಲು ಖಾಯಂ ಜನ ಇಲ್ಲದ ಸಣ್ಣ ಸಂಘಗಳು ಸ್ವಂತ ಮೇಲ್ ಸರ್ವರನ್ನು ಇಟ್ಟುಕೊಳ್ಳದಿರುವುದೇ ಲೇಸು ಎಂದು ನನ್ನ ಅಭಿಪ್ರಾಯ. ಇಟ್ಟುಕೊಂಡವರು ವರ್ಷಕ್ಕೆ ಎರಡು ಸಲ, ಸುಗ್ಗಿಗೆ ಮುಂಚೆ ಒಮ್ಮೆ ಹಾಗೂ ಲೆಕ್ಕ ಮುಗಿಸಿದ ಮೇಲೆ ಒಮ್ಮೆ, ಪರೀಕ್ಷೆ ಮಾಡಿಸಿ ಬಂದ ಉತ್ತರಗಳನ್ನು ಸಂಖ್ಯೆ ಸಹಿತ ಕಡತದಲ್ಲಿ ಇಡಬೇಕು. ಇವಲ್ಲದೆ ರೂಟರು ಬದಲಿಸಿದಾಗ, ಇಂಟರ್‌ನೆಟ್ ಕಂಪನಿ ಬದಲಿಸಿದಾಗ, ಸರ್ವರಿನ ತಂತ್ರಾಂಶ ಮೇಲ್ದರ್ಜೆಗೆ ಏರಿಸಿದಾಗ, ಹೊಸ ಸ್ಕ್ಯಾನರು ತಂದಾಗ ಅದೇ ದಿನ ಮತ್ತೆ ನೋಡಬೇಕು. ರೂಟರಿನವನಿಗೆ ಹಣ ಕೊಡುವುದು ಪರೀಕ್ಷೆಯ ಉತ್ತರ 554 ಎಂದು ಬಂದ ಮೇಲೆಯೇ ಇರಲಿ.